ಹೆಬ್ಬಾಳದ ಹೆಜ್ಜಾರ್ಲೆ ಮಸುಕಾದರೆ ತಪ್ಪು ಲೆನ್ಸಿನದೇ?

ಪ್ರಶ್ನೆ: ಸರ್, ನಾನಿರುವುದು ಸಹಕಾರನಗರದಲ್ಲಿ. ಹತ್ತು ದಿನದ ಹಿಂದೆ ಸೆಕೆಂಡ್ ಹ್ಯಾಂಡ್ 150-600 ಝೂಮ್ ಲೆನ್ಸ್ ಕೊಂಡೆ. ಕ್ಯಾಮೆರಾ 24 ಮೆಗಾಪಿಕ್ಸೆಲ್ಲಿನ ಕ್ರಾಪ್ ಸೆನ್ಸರ್ ಡಿಎಸ್‌ಎಲ್‌ಆರ್. ತಾರಸಿಯ ಕುಂಡಕ್ಕೆ ಬರುವ ಸೂರಕ್ಕಿಯನ್ನು ತೆಗೆದರೆ ಗರಿ ಎಣಿಸಬಹುದು, ಅಷ್ಟು ಶಾರ್ಪ್. ಅದೇ ಲೆನ್ಸಿನಲ್ಲಿ ಹೆಬ್ಬಾಳ ಕೆರೆಯ ನಡುಗಡ್ಡೆಯ ಹೆಜ್ಜಾರ್ಲೆ (ಪೆಲಿಕನ್) ತೆಗೆದರೆ ಎಲ್ಲ ಮೆತ್ತಗೆ, ಕಣ್ಣೇ ಕಾಣುವುದಿಲ್ಲ. ಫೋಕಸ್, ಶಟರ್ ಎಲ್ಲ ಸರಿಯಾಗಿಯೇ ಇಟ್ಟಿದ್ದೆ. ಗೆಳೆಯರು ‘ದೂರಕ್ಕೆ ಈ ಲೆನ್ಸ್ ಆಗಲ್ಲ, ವಾಪಸ್ ಕೊಟ್ಟು ಪ್ರೈಮ್ (ಝೂಮ್ ಆಗದ ಲೆನ್ಸ್) ತಗೋ’ ಅನ್ನುತ್ತಾರೆ. ಅಂಗಡಿಯವರು ಕೊಟ್ಟ ಗಡುವು ಮುಗಿಯಲು ಐದು ದಿನ ಇದೆ. ಏನು ಮಾಡಲಿ? ಚಿತ್ರಗಳನ್ನು ಕಳಿಸಿದ್ದೇನೆ.

ಉತ್ತರ: ಐದು ದಿನ ಧಾರಾಳವಾಯಿತು. ಮೊದಲು ನೀವು ಕಳಿಸಿದ ಆರು ಚಿತ್ರಗಳನ್ನೇ ನೋಡೋಣ, ಅರ್ಧ ಉತ್ತರ ಅವುಗಳಲ್ಲೇ ಇದೆ.

ಆರೂ ಒಂದೇ ಉಸಿರಿಗೆ ಕ್ಲಿಕ್ಕಿಸಿದ ಬರ್ಸ್ಟ್. ಬೆಳಿಗ್ಗೆ 11 ಗಂಟೆ 20 ನಿಮಿಷ, 600 ಎಂಎಂ, ಅಪರ್ಚರ್ (ಬೆಳಕು ಹಾಯುವ ಕಂಡಿ) ಎಫ್ 6.3, ಶಟರ್ 1/800 ಸೆಕೆಂಡ್, ಐಎಸ್‌ಒ 200. ಎರಡನೇ ಫ್ರೇಮಿನಲ್ಲಿ ಹಕ್ಕಿಯ ಕೊಕ್ಕಿನ ಮೇಲಂಚನ್ನು ಗಮನಿಸಿ. ನೆಟ್ಟಗಿರಬೇಕಾದ ಗೆರೆ ಸಣ್ಣ ಸಣ್ಣ ಅಲೆಗಳಾಗಿ ಡೊಂಕಾಗಿದೆ. ಬಾಲದ ಗರಿ ಮಾತ್ರ ಪರವಾಗಿಲ್ಲ. ಮೂರನೆಯದರಲ್ಲಿ ಕೊಕ್ಕು ನೆಟ್ಟಗಾಗಿದೆ, ಬಾಲ ಕರಗಿ ಹೋಗಿದೆ. ಐದನೆಯದರಲ್ಲಿ ಎದೆ ಒಂದು ಪಕ್ಕಕ್ಕೆ ಊದಿಕೊಂಡಂತಿದೆ. ಗಾಜಿನ ದೋಷ ಹೀಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಜಾಗ ಬದಲಿಸುವುದಿಲ್ಲ. ಒಳಗಿನ ಗಾಜೊಂದು ಓರೆಯಾಗಿದ್ದರೆ ಆರೂ ಫ್ರೇಮಿನಲ್ಲಿ ಒಂದೇ ಕಡೆ ಮಸುಕು ಕಾಣಬೇಕಿತ್ತು. ಫೋಕಸ್ ತಪ್ಪಿದ್ದರೆ ಹಕ್ಕಿಯ ಮುಂದಿನ ಜೊಂಡೋ ಹಿಂದಿನ ಕೊಂಬೆಯೋ ಚೊಕ್ಕವಾಗಿರಬೇಕಿತ್ತು. ಕೈ ಅಲುಗಿದ್ದರೆ ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿರಬೇಕಿತ್ತು. ಇಲ್ಲಿ ಆ ಮೂರೂ ಇಲ್ಲ. ನೀವು ತೆಗೆದದ್ದು ಹಕ್ಕಿಯ ಮುಂದೆ ಕುದಿಯುತ್ತಿದ್ದ ಗಾಳಿಯ ಚಿತ್ರ.

ದೋಸೆ ಕಾವಲಿ ಚೆನ್ನಾಗಿ ಕಾದಾಗ ಅದರ ಮೇಲಿನಿಂದ ಆಚೆ ಗೋಡೆಯನ್ನು ನೋಡಿದರೆ ಗೋಡೆ ಕುಣಿಯುತ್ತದಲ್ಲ, ಅದೇ ಇದು. ಬಿಸಿ ಗಾಳಿಯೂ ತಣ್ಣನೆಯ ಗಾಳಿಯೂ ಬೆಳಕನ್ನು ಬೇರೆ ಬೇರೆಯಾಗಿ ಬಾಗಿಸುತ್ತವೆ. ಒಂದು ಡಿಗ್ರಿ ಉಷ್ಣತೆಗೆ ಆಗುವ ವ್ಯತ್ಯಾಸ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು ಅಷ್ಟೆ. ಕೇಳಲು ಏನೂ ಅಲ್ಲ ಅನಿಸುತ್ತದೆ. ಆದರೆ ನಿಮ್ಮ ಸೆನ್ಸರಿನ ಒಂದೊಂದು ಪಿಕ್ಸೆಲ್ಲೂ ಸುಮಾರು 3.9 ಮೈಕ್ರಾನ್ ಅಗಲ. 600 ಎಂಎಂನಲ್ಲಿ, 200 ಮೀಟರ್ ದೂರದ ಹಕ್ಕಿಯ ಮೇಲೆ ಒಂದು ಪಿಕ್ಸೆಲ್ ಆವರಿಸುವ ಜಾಗ 1.3 ಮಿಲಿಮೀಟರ್. ಅಂದರೆ 200 ಮೀಟರ್ ಹಾದಿಯಲ್ಲಿ ಬೆಳಕು 1.3 ಮಿ.ಮೀ. ಆಚೀಚೆ ಜಾರಿದರೂ ಒಂದು ಪಿಕ್ಸೆಲ್ ಕೆಟ್ಟಿತು. ಬಿಸಿಲೇರಿದ ಕೆರೆ ಏರಿಯ ಮೇಲೆ ಅಷ್ಟು ಜಾರುವುದು ಏನೇನೂ ದೊಡ್ಡದಲ್ಲ. ನೀವು ನಿಂತ ಕಡೆ ಕಾದ ಕಲ್ಲುಹಾಸು, ಆಮೇಲೆ ತಣ್ಣನೆ ನೀರು, ಆಮೇಲೆ ನಡುಗಡ್ಡೆಯ ಒಣ ಮಣ್ಣು. ಒಂದೊಂದರ ಮೇಲೂ ಬೇರೆ ಬೇರೆ ಬಿಸಿಯ ಗಾಳಿ.

ಇದೇ ಲೆಕ್ಕವನ್ನು ಸೂರಕ್ಕಿಗೂ ಹಾಕಿ ನೋಡಿ. ನಾಲ್ಕು ಮೀಟರ್ ದೂರದಲ್ಲಿ ಅದರ ಮೇಲೆ ಒಂದು ಪಿಕ್ಸೆಲ್ ಆವರಿಸುವುದು ಹೆಚ್ಚೂಕಡಿಮೆ 0.026 ಮಿ.ಮೀ. ಐವತ್ತು ಪಟ್ಟು ಸೂಕ್ಷ್ಮ. ಹತ್ತು ಸೆಂಟಿಮೀಟರಿನ ಆ ಪುಟ್ಟ ಹಕ್ಕಿ ನಿಮ್ಮ ಫ್ರೇಮಿನ ಅರ್ಧಕ್ಕಿಂತ ಹೆಚ್ಚು ತುಂಬುತ್ತದೆ. ಒಂದೂಕಾಲು ಮೀಟರ್ ಮೀರಿದ ಹೆಜ್ಜಾರ್ಲೆ 200 ಮೀಟರ್ ಆಚೆ ಕೂತರೆ ಸಾವಿರ ಪಿಕ್ಸೆಲ್ ಉದ್ದ, ಕಣ್ಣು ಹತ್ತು-ಹದಿನೈದು ಪಿಕ್ಸೆಲ್. ಗರಿಯ ಒಂದೊಂದು ಎಳೆಯೂ ಮಿಲಿಮೀಟರಿಗಿಂತ ಸಣ್ಣದು, ಪಿಕ್ಸೆಲ್ಲಿಗಿಂತ ಸಣ್ಣದು. ಆ ದೂರದಿಂದ ಆ ಎಳೆಯನ್ನು ಈ ಕ್ಯಾಮೆರಾದಲ್ಲಿ ತೋರಿಸುವ 600 ಎಂಎಂ ಲೆನ್ಸ್ ಯಾವ ಕಂಪನಿಯದ್ದೂ ಇಲ್ಲ. ಹಾಗಾಗಿ ಸೂರಕ್ಕಿಯ ಚಿತ್ರವನ್ನೂ ಹೆಜ್ಜಾರ್ಲೆಯ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಲೆನ್ಸನ್ನು ತೂಗುವುದು ನ್ಯಾಯವಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸುಮಾರು ಹದಿನೈದು ವರ್ಷದ ಹಿಂದೆ ನನ್ನ ಬಳಿ ಒಂದು 400 ಎಂಎಂ ಲೆನ್ಸ್ ಇತ್ತು. ಮಾರ್ಚ್ ತಿಂಗಳಲ್ಲಿ ರಾಮನಗರದ ರಾಮದೇವರ ಬೆಟ್ಟಕ್ಕೆ ರಣಹದ್ದು ನೋಡಲು ಹೋಗಿದ್ದೆ. ಹನ್ನೊಂದರ ಬಿಸಿಲಲ್ಲಿ ಕಾದ ಬಂಡೆಯ ಮೇಲಿನ ಹಕ್ಕಿಯನ್ನು ಕೆಳಗಿನಿಂದ ತೆಗೆದೆ. ಮೂರು ವಾರ ಅದೇ ಹೊತ್ತಿಗೆ ಹೋದೆ, ಮೂರು ವಾರವೂ ಮಸುಕು. ಲೆನ್ಸ್ ಕೆಟ್ಟಿದೆ ಎಂದು ತೀರ್ಮಾನಿಸಿ ಅರ್ಧ ಬೆಲೆಗೆ ಮಾರಿಬಿಟ್ಟೆ. ಕೊಂಡ ಹುಡುಗ ಮರುತಿಂಗಳು ಅದೇ ಬೆಟ್ಟದಲ್ಲಿ ಆರೂವರೆಗೆ ತೆಗೆದ ಚಿತ್ರ ತಂದು ತೋರಿಸಿದ. ರಣಹದ್ದಿನ ಬರಿಗತ್ತಿನ ಸುಕ್ಕು ಕೂಡ ಕಾಣುತ್ತಿತ್ತು. ಆ ಲೆನ್ಸ್ ಕೈಬಿಟ್ಟದ್ದಕ್ಕೆ ಇವತ್ತಿಗೂ ನನಗೆ ಬೇಸರವಿದೆ. ನಿಮಗೆ ಹಾಗಾಗಬಾರದು.

ಒಂದು ಭೇದ ತಿಳಿದಿರಲಿ. ದೂರದ ಚಿತ್ರವನ್ನು ಗಾಳಿ ಎರಡು ರೀತಿ ಕೆಡಿಸುತ್ತದೆ. ಒಂದು ದೂಳು, ಹೊಗೆ, ತೇವದ ಮುಸುಕು. ಇದರಿಂದ ಕಪ್ಪು ಬೂದಿಯಾಗುತ್ತದೆ, ಬಣ್ಣ ಪೇಲವವಾಗುತ್ತದೆ, ಆದರೆ ಅಂಚು ಅಂಚಾಗಿಯೇ ಉಳಿದಿರುತ್ತದೆ. ಸಾಫ್ಟ್‌ವೇರಿನಲ್ಲಿ ಡಿಹೇಝ್ ಕೊಟ್ಟರೆ ಬಹುಪಾಲು ಹಿಂದಿರುಗುತ್ತದೆ. ಎರಡನೆಯದು ಝಳ, ಅಂದರೆ ಆಗಲೇ ಹೇಳಿದ ಬಿಸಿ-ತಣ್ಣನೆ ಗಾಳಿಯ ಕುಣಿತ. ಝಳ ಅಂಚನ್ನೇ ತಿಂದುಹಾಕುತ್ತದೆ. ಅದಕ್ಕೆ ಸಾಫ್ಟ್‌ವೇರಿನಲ್ಲಿ ಮದ್ದಿಲ್ಲ, ಶಾರ್ಪನಿಂಗ್ ಎಳೆದಷ್ಟೂ ವಿಕಾರವಾಗುತ್ತದೆ. ಮಳೆ ಬಂದು ಹೋದ ಮಾರನೇ ದಿನ ಯಲಹಂಕದ ತಾರಸಿಯಿಂದ ನಂದಿ ಬೆಟ್ಟ ಕತ್ತರಿಸಿ ಇಟ್ಟಂತೆ ಕಾಣುತ್ತದಲ್ಲ, ಅದು ಮುಸುಕು ತೊಳೆದುಹೋದ ಗುಣ. ಅದೇ ದಿನ ಮಧ್ಯಾಹ್ನ ಬಿಸಿಲು ಬಿದ್ದರೆ ಬೆಟ್ಟದ ಬಣ್ಣ ಚೆನ್ನಾಗಿಯೇ ಇರುತ್ತದೆ, ಅಂಚು ಮಾತ್ರ ನಡುಗುತ್ತಿರುತ್ತದೆ.

ಝಳ ಬರುವುದು ಬಿಸಿಲಿನಿಂದ ಮಾತ್ರ ಅಲ್ಲ. ಜನವರಿಯ ಬೆಳಗಿನ ಆರಕ್ಕೆ ಕೆರೆಯ ನೀರು ಗಾಳಿಗಿಂತ ಬೆಚ್ಚಗಿರುತ್ತದೆ, ಆಗ ನೀರಿನ ಮಟ್ಟದಲ್ಲಿ ಗಾಳಿ ಕುಣಿಯುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಕಾರಿನ ಬಾನೆಟ್ ಮೇಲಿಂದ ತೆಗೆದರೆ ಎಂಜಿನ್ನಿನ ಬಿಸಿ. ಎಸಿ ಕಾರಿನಿಂದ ಇಳಿದ ಕೂಡಲೇ ತೆಗೆದರೆ ಲೆನ್ಸ್ ಹುಡ್ಡಿನೊಳಗಿನ ತಂಪು ಗಾಳಿಗೂ ಹೊರಗಿನ ಬಿಸಿ ಗಾಳಿಗೂ ತಾಕಲಾಟ. ಲೆನ್ಸನ್ನು ಹೊರಗಿಟ್ಟು ಅರ್ಧ ಗಂಟೆ ಕಾಯಿರಿ. ಪರೀಕ್ಷೆಗೆ ಒಳ್ಳೆಯ ದಿನವೆಂದರೆ ಮೋಡ ಮುಚ್ಚಿ, ಸಣ್ಣಗೆ ಗಾಳಿ ಬೀಸುವ ದಿನ.

ಈಗ ಪರೀಕ್ಷೆಗೆ ಬರೋಣ. ಲೆನ್ಸಿನ ಗುಣ ಗೊತ್ತಾಗಬೇಕಾದರೆ ಗಾಳಿಯನ್ನು ನಡುವಿನಿಂದ ತೆಗೆದುಬಿಡಬೇಕು.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಬಿಸಿಲಿಲ್ಲ, ಗಾಳಿ ನಿಂತಿರುತ್ತದೆ. ನಿಮ್ಮದು ಸ್ವಂತ ಮನೆಯಾದರೆ ಗೆಳೆಯರ ಅಪಾರ್ಟ್‌ಮೆಂಟಿಗೆ ಹೋಗಿ. ಕನ್ನಡ ದಿನಪತ್ರಿಕೆಯ ಒಂದು ಹಾಳೆಯನ್ನು ಗೋಡೆಗೆ ಸುಕ್ಕಿಲ್ಲದಂತೆ ಅಂಟಿಸಿ, 20 ಮೀಟರ್ ಆಚೆ ಟ್ರೈಪಾಡ್ ಇಡಿ. ಕ್ಯಾಮೆರಾ ಗೋಡೆಗೆ ನೇರವಾಗಿರಬೇಕು, ಓರೆಯಾದರೆ ಲೆಕ್ಕವೆಲ್ಲ ತಪ್ಪುತ್ತದೆ. ಯುವಿ ಫಿಲ್ಟರ್ ಬಿಚ್ಚಿಡಿ. ಅಗ್ಗದ ಫಿಲ್ಟರ್ 50 ಎಂಎಂನಲ್ಲಿ ತೋರಿಸದ ಕೇಡನ್ನು 600ರಲ್ಲಿ ತೋರಿಸುತ್ತದೆ, ಎಷ್ಟೋ ‘ಕೆಟ್ಟ’ ಲೆನ್ಸ್‌ಗಳು ಫಿಲ್ಟರ್ ಬಿಚ್ಚಿದೊಡನೆ ಸರಿಯಾಗಿರುವುದನ್ನು ನೋಡಿದ್ದೇನೆ. ಸ್ಟೆಬಿಲೈಸೇಶನ್ (ಅಲುಗಾಟ ತಡೆಯುವ ವ್ಯವಸ್ಥೆ) ಆಫ್ ಮಾಡಿ, 10 ಸೆಕೆಂಡಿನ ಟೈಮರ್ ಹಾಕಿ, ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆ ನೋಡಿಕೊಂಡು, ಫೋಕಸ್ ಮಾಡಿ. ಒಂದೊಂದು ಸಲವೂ ಫೋಕಸ್ ಕೆಡಿಸಿ ಮತ್ತೆ ಮಾಡಿ, ಐದು ಚಿತ್ರ ತೆಗೆಯಿರಿ, ಅದರಲ್ಲಿ ಅತ್ಯುತ್ತಮವಾದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕನ್ನಡ ಪತ್ರಿಕೆಯೇ ಯಾಕೆ ಅಂದರೆ ನಮ್ಮ ಒತ್ತಕ್ಷರಗಳಷ್ಟು ಒಳ್ಳೆಯ ಪರೀಕ್ಷೆ ಬೇರೆ ಸಿಗುವುದು ಕಷ್ಟ. ‘ಲಕ್ಷ್ಮಿ’ಯ ಮ-ಒತ್ತು, ‘ರಾಷ್ಟ್ರ’ದ ಅಡಿಯ ಎರಡು ಒತ್ತು ಇವನ್ನು ನೋಡಿ. 20 ಮೀಟರಿನಲ್ಲಿ ಒಂದು ಪಿಕ್ಸೆಲ್ 0.13 ಮಿ.ಮೀ., ಒಂದು ಮಿ.ಮೀ. ಎತ್ತರದ ಒತ್ತಿಗೆ ಬರೀ ಏಳೆಂಟು ಪಿಕ್ಸೆಲ್. ಒತ್ತಿನ ಒಳಗಿನ ಬಿಳಿ ಸುಳಿ ತೆರೆದುಕೊಂಡಿದ್ದರೆ ಲೆನ್ಸ್ ಗಟ್ಟಿ. ಸುಳಿ ಮುಚ್ಚಿ ಕರಿ ಚುಕ್ಕೆಯಾಗಿದ್ದರೆ ಯೋಚಿಸಬೇಕಾದ ಮಾತು. ಎಫ್ 6.3, 8, 11 ಮೂರರಲ್ಲೂ ತೆಗೆಯಿರಿ.

ಇಷ್ಟಾದ ಮೇಲೆ ಪತ್ರಿಕೆ ಅಲ್ಲೇ ಇರಲಿ, ಕ್ಯಾಮೆರಾವನ್ನು ತುಸು ತಿರುಗಿಸಿ ಅದೇ ಸಾಲು ಫ್ರೇಮಿನ ಎಡ ಮೂಲೆಗೆ, ಆಮೇಲೆ ಬಲ ಮೂಲೆಗೆ, ಮೇಲೆ, ಕೆಳಗೆ ಬರುವಂತೆ ಮಾಡಿ ಪ್ರತಿ ಸಲ ಹೊಸದಾಗಿ ಫೋಕಸ್ ಮಾಡಿ ತೆಗೆಯಿರಿ. ನಾಲ್ಕು ಮೂಲೆಯೂ ನಡುವಿಗಿಂತ ಒಂದಿಷ್ಟು ಮೆತ್ತಗಿರುವುದು ಸಹಜ, ನಾಲ್ಕೂ ಒಂದೇ ಸಮ ಮೆತ್ತಗಿದ್ದರೆ ಚಿಂತೆಯಿಲ್ಲ. ಎಡ ಚೊಕ್ಕ, ಬಲ ಕಲಸಿದ ಹಾಗೆ ಇದ್ದರೆ ಒಳಗಿನ ಗಾಜು ತನ್ನ ಜಾಗದಿಂದ ಸರಿದಿದೆ. ಸೆಕೆಂಡ್ ಹ್ಯಾಂಡ್ ಲೆನ್ಸಿನಲ್ಲಿ ನಾನು ಮೊದಲು ಹುಡುಕುವುದೇ ಇದನ್ನು. ಯಾವಾಗಲೋ ಕೆಳಗೆ ಬಿದ್ದ ಲೆನ್ಸ್ ಹೊರಗೆ ಗೀಚು ಕೂಡ ಇಲ್ಲದೆ ಫಳಫಳ ಹೊಳೆಯಬಹುದು. ಮೊಬೈಲ್ ಟಾರ್ಚನ್ನು ಹಿಂದಿನಿಂದ ಹಾಯಿಸಿ ಮುಂದಿನಿಂದ ಇಣುಕಿ ಫಂಗಸ್ ಇದೆಯೇ ಎಂದೂ ನೋಡಿಬಿಡಿ, ನಮ್ಮ ಮಳೆಗಾಲಕ್ಕೆ ಅದು ಹೇಳದೆ ಕೇಳದೆ ಬರುತ್ತದೆ.

ಆದರೆ 20 ಮೀಟರಿನಲ್ಲಿ ಪಾಸಾದ ಲೆನ್ಸ್ ದೂರಕ್ಕೂ ಪಾಸು ಎಂದು ಕಣ್ಣು ಮುಚ್ಚಿ ಹೇಳಲಾಗದು. ಫೋಕಸ್ ಬದಲಾದಾಗ ಒಳಗಿನ ಗಾಜುಗಳು ಹಿಂದೆಮುಂದೆ ಸರಿಯುತ್ತವೆ, ಒಂದು ದೂರಕ್ಕೆ ಹದವಾಗಿರುವ ಜೋಡಣೆ ಇನ್ನೊಂದಕ್ಕೆ ಅಷ್ಟು ಹದವಾಗಿರದೆ ಇರಬಹುದು. ನಿಮ್ಮ ಗೆಳೆಯರು ಹೇಳುವ ‘ದೂರಕ್ಕೆ ಆಗಲ್ಲ’ ಎಂಬ ಮಾತಿನಲ್ಲಿ ಅಷ್ಟರ ಮಟ್ಟಿಗೆ ಹುರುಳಿದೆ. ಹಾಗಾದರೆ ಗಾಳಿಯ ಕಾಟವಿಲ್ಲದೆ ದೂರವನ್ನು ಪರೀಕ್ಷಿಸುವುದು ಹೇಗೆ? ತಲೆಯೆತ್ತಿ ನೋಡಿ, ಚಂದ್ರ ಇದ್ದಾನೆ.

ನಮ್ಮ ತಲೆಯ ಮೇಲಿನ ಇಡೀ ವಾತಾವರಣವನ್ನು ನೆಲಮಟ್ಟದ ಸಾಂದ್ರತೆಗೆ ಒತ್ತಿದರೆ ಸುಮಾರು 8 ಕಿಲೋಮೀಟರ್ ದಪ್ಪ ಬರುತ್ತದೆ. ಯಲಹಂಕದಿಂದ ನಂದಿ ಬೆಟ್ಟ ನೋಡುವಾಗ ಕಣ್ಣು ಹಾಯುವ ಗಾಳಿ ಇದರ ಮೂರ್ನಾಲ್ಕು ಪಟ್ಟು, ಅದರಲ್ಲೂ ಕೆಳಗಿನ ಭಾಗವೆಲ್ಲ ನೆಲಕ್ಕಂಟಿದ ಬಿಸಿ ಗಾಳಿ. ಅಂದರೆ ನೆತ್ತಿಯ ಮೇಲಿನ ಚಂದ್ರನಿಗಿಂತ ನಂದಿ ಬೆಟ್ಟವನ್ನು ಶಾರ್ಪಾಗಿ ತೆಗೆಯುವುದು ಕಷ್ಟ! ಶುಕ್ಲ ಪಕ್ಷದ ಅಷ್ಟಮಿಯ ಚಂದ್ರ ಸಂಜೆ ಕತ್ತಲಾಗುವ ಹೊತ್ತಿಗೆ ನೆತ್ತಿಯ ಹತ್ತಿರ ಇರುತ್ತಾನೆ. ನೀವು ಬರೆದ ದಿನ ಪಂಚಮಿ, ಹಾಗಾಗಿ ಗಡುವಿನೊಳಗೇ ಅಷ್ಟಮಿ ಸಿಗುತ್ತದೆ. ಹುಣ್ಣಿಮೆಗೆ ಕಾಯಬೇಡಿ, ಅವತ್ತು ಬಿಸಿಲು ನೇರ ಬಿದ್ದು ಕುಳಿಗಳಿಗೆ ನೆರಳೇ ಇರುವುದಿಲ್ಲ. ಅಷ್ಟಮಿಯಂದು ಬೆಳಕು-ಕತ್ತಲೆಯ ಗಡಿಯುದ್ದಕ್ಕೂ ಕುಳಿಗಳ ಅಂಚು ನೆರಳು ಚೆಲ್ಲಿ ಎದ್ದು ನಿಲ್ಲುತ್ತವೆ. 600 ಎಂಎಂನಲ್ಲಿ ಚಂದ್ರ ನಿಮ್ಮ ಸೆನ್ಸರಿನ ಮೇಲೆ ಐದೂವರೆ ಮಿ.ಮೀ., ಅಂದರೆ 1400 ಪಿಕ್ಸೆಲ್. ಒಂದು ಪಿಕ್ಸೆಲ್ಲಿಗೆ ಎರಡೂವರೆ ಕಿಲೋಮೀಟರ್. ದಶಮಿಯ ಹೊತ್ತಿಗೆ ಗಡಿಯ ಹತ್ತಿರ ಬರುವ ಕೋಪರ್ನಿಕಸ್ ಕುಳಿ 93 ಕಿ.ಮೀ. ಅಗಲ, ಅದರ ನಡುವಿನ ಪುಟ್ಟ ಗುಡ್ಡಗಳು ಬೇರೆಯಾಗಿ ಕಂಡರೆ ನಿಮ್ಮ ಲೆನ್ಸ್ ಅನಂತ ದೂರಕ್ಕೂ ಸೈ. ಎಫ್ 8, 1/250, ಐಎಸ್‌ಒ 400ರಿಂದ ಶುರು ಮಾಡಿ. ಇಪ್ಪತ್ತು ಚಿತ್ರ ತೆಗೆದು ಒಳ್ಳೆಯದನ್ನು ಆರಿಸಿ, ಮೇಲಿನ ಗಾಳಿಯೂ ಕೆಲವು ಕ್ಷಣ ಕದಡುತ್ತದೆ.

ಲೈವ್ ವ್ಯೂನಲ್ಲಿ ಎಲ್ಲ ಚೊಕ್ಕವಾಗಿದ್ದು ವ್ಯೂಫೈಂಡರಿನಿಂದ ತೆಗೆದಾಗ ಮಾತ್ರ ಮಸುಕಾದರೆ ಕಾರಣ ಬೇರೆ. ಡಿಎಸ್‌ಎಲ್‌ಆರ್‌ನಲ್ಲಿ ವ್ಯೂಫೈಂಡರಿನ ಫೋಕಸ್ ಸೆನ್ಸರ್ ಬೇರೆಯೇ ಇರುತ್ತದೆ, ಅದಕ್ಕೂ ಈ ಲೆನ್ಸಿಗೂ ಹೊಂದಾಣಿಕೆ ತಪ್ಪಿರಬಹುದು. ಇದನ್ನು ನೋಡಲು ಬೆಳಿಗ್ಗೆ ಏಳರೊಳಗೆ ನಿಮ್ಮ ಬೀದಿಯಲ್ಲೇ 50-60 ಮೀಟರ್ ಆಚೆಯ ಟ್ರಾನ್ಸ್‌ಫಾರ್ಮರ್ ಕಂಬದ ‘ಅಪಾಯ’ ಬೋರ್ಡಿಗೆ ಗುರಿಯಿಡಿ. ಬಿಳಿಯ ಮೇಲೆ ಕೆಂಪಕ್ಷರ, ತಲೆಬುರುಡೆ, ಮೂಲೆಯಲ್ಲಿ ತುಕ್ಕು ಎಲ್ಲ ಇರುವುದರಿಂದ ವ್ಯತ್ಯಾಸ ಒಂದೇ ನೋಟಕ್ಕೆ ಸಿಗುತ್ತದೆ. ವ್ಯೂಫೈಂಡರಿನಿಂದ ಐದು, ಲೈವ್ ವ್ಯೂನಿಂದ ಐದು. ಎರಡಕ್ಕೂ ಅಜಗಜಾಂತರ ಇದ್ದರೆ ಕ್ಯಾಮೆರಾದ ಮೆನುವಿನ ಎಎಫ್ (ಆಟೋಫೋಕಸ್) ಫೈನ್ ಟ್ಯೂನ್‌ನಲ್ಲಿ ಸರಿಪಡಿಸಬಹುದು. ಸಿಗ್ಮಾ ಲೆನ್ಸಾದರೆ ಯುಎಸ್‌ಬಿ ಡಾಕ್ (ಲೆನ್ಸನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನ) ಹಾಕಿ ಬೇರೆ ಬೇರೆ ದೂರಕ್ಕೆ ಬೇರೆ ಬೇರೆಯಾಗಿಯೇ ತಿದ್ದಬಹುದು. ಇದಕ್ಕಾಗಿ ಲೆನ್ಸ್ ವಾಪಸ್ ಕೊಡಬೇಕಿಲ್ಲ.

ಕೈ ಅಲುಗುವುದರ ಬಗ್ಗೆ ಒಂದು ಮಾತು. ನಿಮ್ಮ ಲೆನ್ಸಿನ ತುದಿ ತಲೆಗೂದಲ ದಪ್ಪದ ಹತ್ತರಲ್ಲೊಂದು ಪಾಲು ಅಲುಗಿದರೆ ಚಿತ್ರ ನಾಲ್ಕು ಪಿಕ್ಸೆಲ್ ಜಾರುತ್ತದೆ. ಕ್ರಾಪ್ ಸೆನ್ಸರ್ ಚಿಕ್ಕದು, ಅದರಲ್ಲಿ 600 ಎಂಎಂ ಅಂದರೆ 900ರ ನೋಟ; ಕೈಯಲ್ಲಿ ಹಿಡಿದು ತೆಗೆಯಲು ಶಟರ್ ಸುಮಾರು 1/900 ಆದರೂ ಬೇಕು, ನಿಮ್ಮ 1/800 ಗಡಿಯಲ್ಲೇ ಇದೆ. ಕೂತ ಹಕ್ಕಿಗೆ 1/1600, ಹಾರುವ ಹಕ್ಕಿಗೆ 1/2500 ಇಡಿ. ಅದಕ್ಕಾಗಿ ಐಎಸ್‌ಒ 800 ಆದರೂ ಹೆದರಬೇಡಿ. ಚಿತ್ರದಲ್ಲಿ ಕಾಳುಕಾಳು ಬಂದರೆ ಸಹಿಸಬಹುದು, ಅಲುಗಿದ್ದನ್ನು ಸರಿಮಾಡಲಾಗದು.

ಅಪರ್ಚರ್ ಬಗ್ಗೆಯೂ ಕೇಳುತ್ತೀರೆಂದು ಗೊತ್ತು. ಇಂಥ ಝೂಮ್‌ಗಳಲ್ಲಿ ಹೆಚ್ಚಿನವು 600ರ ತುದಿಯಲ್ಲಿ ಪೂರ್ತಿ ತೆರೆದಾಗ ತುಸು ಮೆತ್ತಗೆ, ಎಫ್ 8ಕ್ಕೆ ಚುರುಕಾಗುತ್ತವೆ. ಹಾಗೆಂದು 16ಕ್ಕೆ ಒಯ್ಯಬೇಡಿ. ಸಣ್ಣ ಕಂಡಿಯಲ್ಲಿ ಹಾದ ಬೆಳಕು ತಾನೇ ಹರಡಿಕೊಳ್ಳುತ್ತದೆ: ಒಂದು ಚುಕ್ಕೆ ಎಫ್ 8ರಲ್ಲಿ ಸುಮಾರು 11 ಮೈಕ್ರಾನ್ ಅಗಲವಾದರೆ ಎಫ್ 16ರಲ್ಲಿ 21 ದಾಟುತ್ತದೆ, ನಿಮ್ಮ ಪಿಕ್ಸೆಲ್ ನಾಲ್ಕೂ ಇಲ್ಲ. ಕಂಪನಿಗಳು ಕೊಡುವ ಎಂಟಿಎಫ್ ನಕ್ಷೆ (ಲೆನ್ಸ್ ಎಷ್ಟು ಚೊಕ್ಕ ಎಂದು ತೋರಿಸುವ ಗೆರೆಚಿತ್ರ) ಎರಡು ಮಾದರಿಗಳನ್ನು ಹೋಲಿಸಲು ಸರಿ. ನಿಮ್ಮ ಕೈಯಲ್ಲಿರುವ, ಇನ್ನೊಬ್ಬರು ಬಳಸಿದ ಆ ಒಂದು ಲೆನ್ಸಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಕೊನೆಗೆ ಪ್ರೈಮ್ ವಿಚಾರ. 600 ಎಫ್ 4 ಲೆನ್ಸ್ ಹತ್ತು ಲಕ್ಷ ದಾಟುತ್ತದೆ. ಅದು ಅದ್ಭುತ ಗಾಜು, ಆದರೆ ಹೆಬ್ಬಾಳದ ಹನ್ನೊಂದರ ಬಿಸಿಲಲ್ಲಿ ಅದಕ್ಕೂ ಇದೇ ಗತಿ. ನಮ್ಮೂರಿನ ಟಿ.ಎನ್.ಎ. ಪೆರುಮಾಳ್ ಅವರಂಥವರು ಫಿಲ್ಮಿನ ಕಾಲದಲ್ಲಿ ಅಷ್ಟು ಚಂದದ ಹಕ್ಕಿ ಚಿತ್ರ ತೆಗೆದದ್ದು ಮರೆಯಲ್ಲಿ ಕೂತು, ಹಕ್ಕಿಗೆ ಹತ್ತಿರವಾಗಿ. ನಿಮಗೆ ಬೇಕಾದ್ದು ಹೆಜ್ಜಾರ್ಲೆ ತಾನೆ? ಬೆಂಗಳೂರಿನಿಂದ 80 ಕಿ.ಮೀ. ದೂರದಲ್ಲಿ, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಅವು ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಈ ಫೆಬ್ರವರಿಯಲ್ಲಿ ಮರಿಗಳೂ ಇರುತ್ತವೆ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಿ. ಮರದಿಂದ 20 ಮೀಟರ್ ದೂರ ನಿಂತರೆ ಹೆಬ್ಬಾಳಕ್ಕಿಂತ ಹತ್ತು ಪಟ್ಟು ಹತ್ತಿರ, ಒಂದು ಪಿಕ್ಸೆಲ್ಲಿಗೆ 0.13 ಮಿ.ಮೀ. ಅದಕ್ಕಿಂತ ಮುಂದೆ ಹೋಗಬೇಡಿ, ಗೂಡಿನ ಹಕ್ಕಿ ಎದ್ದರೆ ಮರಿಗಳು ಬಿಸಿಲಿಗೆ ಬೀಳುತ್ತವೆ.

ನೆಲಮಾಳಿಗೆಯ ಚಿತ್ರಗಳಲ್ಲಿ ಒಂದು ಪಕ್ಕ ಮಾತ್ರ ಕಲಸಿದಂತೆ ಕಂಡರೆ ಮಾತ್ರ ಕೊಕ್ಕರೆಬೆಳ್ಳೂರಿಗೆ ಹೋಗುವ ಮುಂಚೆಯೇ ಅಂಗಡಿಗೆ ಹೋಗಿ. ಕೆರೆಯ ಚಿತ್ರ ತೋರಿಸಬೇಡಿ, ಅದಕ್ಕೆ ಅವರು ನೂರು ಸಬೂಬು ಹೇಳಬಹುದು. ಪತ್ರಿಕೆಯ ಎಡ ಮೂಲೆ, ಬಲ ಮೂಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಪ್ರಿಂಟ್ ತೆಗೆಸಿ ಕೌಂಟರಿನ ಮೇಲಿಡಿ, ಅಲ್ಲೇ ಅವರ ಎದುರು ಇನ್ನೊಂದು ಸಲ ತೆಗೆದು ತೋರಿಸಲು ಕ್ಯಾಮೆರಾವೂ ಟ್ರೈಪಾಡೂ ಜೊತೆಗಿರಲಿ.